ಅಪ್‌ಡೇಟ್: ಕೃಷಿ ಹೊಂಡದ ಅರ್ಜಿ ಪಾಸಾಯಿತು

ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಮಳೆನೀರು ಹಿಡಿದಿಡುವ ಹೊಂಡಕ್ಕೆ ಹಾಕಿದ ಅರ್ಜಿ ಯಾಕೆ ಮುಂದೆ ಹೋಗುತ್ತಿಲ್ಲ ಅಂತ ಬೇಸಿಗೆಗೆ ಮುಂಚೆ ಇಲ್ಲಿ ಕೇಳಿದ್ದೆ. ನೀವು ಹೇಳಿದ್ದೇ ಸರಿ, ತೊಂದರೆ ಇದ್ದದ್ದು ಎಫ್‌ಐಡಿಯಲ್ಲಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆಯಲ್ಲಿ. ಅಪ್ಪನಿಂದ ನನ್ನ ಹೆಸರಿಗೆ ಬಂದ ಸರ್ವೆ ನಂಬರ್ ಅದಕ್ಕೆ ಸೇರಿರಲೇ ಇಲ್ಲ. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋದೆ, ಅಲ್ಲಿನವರು ಜೊತೆಗೆ ಕೂತು ಸರಿ ಮಾಡಿಕೊಟ್ಟರು.

ಈಗ ಹೊಂಡ ಆಗಿದೆ. ಪ್ಲಾಸ್ಟಿಕ್ ಹೊದಿಕೆ ಹಾಸಿ, ಸುತ್ತ ತಂತಿಬೇಲಿ ಹಾಕಿಸಿದ್ದೇನೆ. ಮನೆಯಲ್ಲಿ ಮಕ್ಕಳಿರುವವರು ಬೇಲಿ ಮಾತ್ರ ಬಿಡಬೇಡಿ. ಹೊಂಡಕ್ಕೆ ಸಿಗುವ ಸಹಾಯಧನ ಸಾಮಾನ್ಯ ವರ್ಗಕ್ಕೆ 80%, ಪರಿಶಿಷ್ಟರಿಗೆ 90%, ಆದರೆ ಮೊದಲು ನಮ್ಮ ಕೈಯಿಂದಲೇ ದುಡ್ಡು ಹಾಕಬೇಕಾಯಿತು, ಆಮೇಲೆ ಖಾತೆಗೆ ಬಂತು. ಹೊಂಡ ತೋಡಲು ಇಲಾಖೆಯ ಆದೇಶ ಸಿಗುವ ಮುಂಚೆ ಜೆಸಿಬಿ ಕರೆಸಬೇಡಿ.

ಮೊನ್ನೆ ಮಳೆಗೆ ಅರ್ಧ ತುಂಬಿದೆ, ರಾಗಿ ಒಣಗಿದರೆ ಒಂದು ನೀರು ಕೊಡಬಹುದು ಅನ್ನೋ ಧೈರ್ಯ ಬಂದಿದೆ. ಉತ್ತರ ಬರೆದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.