ರುಬಿಡಿಯಂ ಸೆಲ್ ಒಳಗೆ ನೀಲಿ ಹೊಳಪಿದೆ, ಆದರೆ ನೀಲಿ ಕಿರಣ ಹೊರಬರುತ್ತಿಲ್ಲ!

ನೀಲಿಗಣ್ಣು (ಪುಣೆ)
ತಲೆ ಕೆಟ್ಟುಹೋಗಿದೆ. ರುಬಿಡಿಯಂ 85ರ ಆವಿ ತುಂಬಿದ ಮುಚ್ಚಿದ ಕೊಳವೆಗೆ (ಸೆಲ್‌ಗೆ) 780 ಮತ್ತು 776 ನ್ಯಾನೊಮೀಟರ್ ಲೇಸರ್ ಎರಡನ್ನೂ ಬಿಟ್ಟಿದ್ದೇನೆ. ಪಕ್ಕದಿಂದ ನೋಡಿದರೆ ಸೆಲ್ ಉದ್ದಕ್ಕೂ ತೆಳ್ಳನೆಯ ನೀಲಿ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಆಚೆ ಬಿಳಿ ಕಾಗದ ಹಿಡಿದರೆ ಏನೂ ಇಲ್ಲ. 420 ನ್ಯಾನೊಮೀಟರಿನ ನೀಲಿ ಕಿರಣ ಬರಲೇಬೇಕಲ್ವಾ? ಲೇಸರ್‌ಗಳು ಸರಿಯಾದ ಆವರ್ತನಕ್ಕೆ ಲಾಕ್ ಆಗಿವೆ, ಪವರ್ ಸಾಕಷ್ಟಿದೆ. ಇನ್ನೇನು ನೋಡಲಿ?

ಕೊತ್ರೂಡ್ ಕಾಕಾ
ಟೆಂಪರೇಚರ್ ಎಷ್ಟು? ಅದನ್ನೇ ಬರೆದಿಲ್ಲ. 25 ಡಿಗ್ರಿಯಲ್ಲಿ ಒಂದು ಘನ ಸೆಂಟಿಮೀಟರಿಗೆ ಸುಮಾರು ಸಾವಿರ ಕೋಟಿ ಪರಮಾಣು ಇರುತ್ತವೆ. 100 ಡಿಗ್ರಿಗೆ ಹೋದರೆ ಅದರ ನೂರಾರು ಪಟ್ಟು.

ನೀಲಿಗಣ್ಣು
90 ಇದೆ ಕಾಕಾ.

ಕೊತ್ರೂಡ್ ಕಾಕಾ
110ಕ್ಕೆ ಏರಿಸು ತಮ್ಮಾ. ಸೆಲ್ ತುದಿಯ ಕಿಟಕಿಗಳು (ಬೆಳಕು ದಾಟುವ ಗಾಜು) ನಡುಭಾಗಕ್ಕಿಂತ ಬಿಸಿ ಇರಲಿ, ಇಲ್ಲದಿದ್ದರೆ ಲೋಹ ಬಂದು ಗಾಜಿಗೆ ಕೂರುತ್ತದೆ.

ನೀಲಿಗಣ್ಣು
ಏರಿಸಿದೆ. ಹೊಳಪು ಜಾಸ್ತಿಯಾಯಿತು, ಕಿರಣ ಇಲ್ಲ.

ಕೊತ್ರೂಡ್ ಕಾಕಾ
ಬಿಸಿ ಅಳೆಯುವ ಥರ್ಮೊಕಪಲ್ ಎಲ್ಲಿ ಅಂಟಿಸಿದ್ದೀ? ಅದು ಹೊರಗಿನ ಅಲ್ಯುಮಿನಿಯಂ ಬಿಸಿಯನ್ನು ಓದುತ್ತಿರಬೇಕು. ತಾಪ್ಕೀರ್ ಗಲ್ಲಿಯಲ್ಲಿ ಇನ್ನೊಂದು ತಂದು ಸೆಲ್‌ಗೇ ತಾಗಿಸು.

ಕೊಲಾಬಾ ಕನ್ನಡಿಗ
ಸೆಲ್ ಗಾಜಿನದಾ? ನೀಲಿಯ ಜೊತೆಗೇ ಹುಟ್ಟುವ 5.23 ಮೈಕ್ರಾನ್ ಇನ್‌ಫ್ರಾರೆಡ್ ಬೆಳಕು ಗಾಜು ದಾಟುವುದಿಲ್ಲ. ಸಫೈರ್ ಕಿಟಕಿಯದ್ದು ತರಿಸಿ. ನಮ್ಮ ಟೇಬಲ್ ಮೇಲೆ ಅಂಥದ್ದೇ ಇದೆ, ಕಿಟಕಿಗೆ ಬೇರೆಯೇ ಹೀಟರ್, ಕಂಟ್ರೋಲರ್ ನಾವೇ ಮಾಡಿದ್ದು.

ಮಾಪುಸಾ ಮೇಡಂ
ಸುಮ್ನೆ ಖರ್ಚು ಹಚ್ಚಬೇಡಿ ಸರ್. ಆ ಇನ್‌ಫ್ರಾರೆಡ್ ಸೆಲ್ ಒಳಗೇ ಹುಟ್ಟಿ ಅಲ್ಲೇ ಕೆಲಸ ಮುಗಿಸುತ್ತದೆ. ನೀಲಿ ಬೆಳಕಿಗೆ ಗಾಜು ಅಡ್ಡಿಯಲ್ಲ.

ಕೊಲಾಬಾ ಕನ್ನಡಿಗ
ಇನ್‌ಫ್ರಾರೆಡ್ ಅಳೆಯದೆ ನಾಲ್ಕು ಅಲೆಗಳ ಮಿಶ್ರಣ (ಎರಡು ಲೇಸರ್ ಸೇರಿ ನೀಲಿ, ಇನ್‌ಫ್ರಾರೆಡ್ ಹುಟ್ಟಿಸುವುದು) ಆಗಿದೆ ಅಂತ ಹೇಗೆ ಹೇಳುತ್ತೀರಿ ಮೇಡಂ?

ಮಾಪುಸಾ ಮೇಡಂ
ಅದು ಬೇರೆ ಚರ್ಚೆ. ನೀಲಿಗಣ್ಣು, ಎರಡೂ ಲೇಸರ್ ಒಂದೇ ಕಡೆಯಿಂದ ಹೋಗುತ್ತಿವೆಯಾ?

ನೀಲಿಗಣ್ಣು
ಎದುರುಬದುರು. ಎರಡು ಫೋಟಾನ್ ಸ್ಪೆಕ್ಟ್ರೋಸ್ಕೋಪಿಗೆ ಎಲ್ಲರೂ ಹಾಗೇ ಇಡುವುದಲ್ವಾ? ಪರಮಾಣುಗಳ ಓಡಾಟದಿಂದ ಆಗುವ ಆವರ್ತನ ಬದಲಾವಣೆ, ಅಂದರೆ ಡಾಪ್ಲರ್, ಕಳೆಯುತ್ತದೆ.

ಮಾಪುಸಾ ಮೇಡಂ
ಅಲ್ಲೇ ಇದೆ ನೋಡಿ. ಡಾಪ್ಲರ್ ಕಳೆದಾಗ ಪರಮಾಣುಗಳು 5ಡಿ ಎಂಬ ಮೇಲಿನ ಶಕ್ತಿ ಮಟ್ಟಕ್ಕೆ ಚೆನ್ನಾಗಿ ಏರುತ್ತವೆ. ಅಲ್ಲಿಂದ 6ಪಿ ಎಂಬ ಕೆಳಗಿನ ಮಟ್ಟಕ್ಕೆ ಇಳಿದು ಎಲ್ಲ ದಿಕ್ಕಿಗೂ 420 ಚೆಲ್ಲುತ್ತವೆ. ನೀವು ಕಂಡ ಗೆರೆ ಅದೇ. ಕಿರಣ ಬೇಕಾದರೆ ಅಲೆಗಳ ಫೇಸ್ (ಏರಿಳಿತದ ಹೆಜ್ಜೆ) ಹೊಂದಬೇಕು. 780 ಮತ್ತು 776ರ ತರಂಗ ಸದಿಶಗಳ (ಅಲೆ ಸಾಗುವ ದಿಕ್ಕು, ತರಂಗಾಂತರ ಎರಡನ್ನೂ ಹೇಳುವ ಬಾಣಗಳ) ಮೊತ್ತ, ನೀಲಿ ಮತ್ತು ಇನ್‌ಫ್ರಾರೆಡ್‌ಗಳ ಮೊತ್ತಕ್ಕೆ ಸಮ ಆಗಬೇಕು. ಎದುರುಬದುರು ಇಟ್ಟರೆ ಮೊದಲಿನ ಮೊತ್ತ ಸೊನ್ನೆ ಹತ್ತಿರ ಬರುತ್ತದೆ. 420ನ್ನು ಹೊರುವವರು ಯಾರು? ಎಷ್ಟೇ ಬಿಸಿ ಮಾಡಿದರೂ ಅದು ಸರಿಹೋಗದು. ಭೌತವಿಜ್ಞಾನಿಗಳಾದ ಝಿಬ್ರೊವ್, ಲುಕಿನ್ ಮುಂತಾದವರು 2002ರಲ್ಲಿ ಪ್ರಕಟಿಸಿದ ಕೆಲಸ ಓದಿ.
ಎರಡನ್ನೂ ಒಂದೇ ಕಡೆಯಿಂದ, ಒಂದರ ಮೇಲೊಂದು ಕೂರಿಸಿ. ಪೋಲರೈಸಿಂಗ್ ಕ್ಯೂಬ್‌ನಲ್ಲಿ (ಬೆಳಕಿನ ಕಂಪನದ ದಿಕ್ಕು ನೋಡಿ ಕಿರಣ ಸೇರಿಸುವ ಗಾಜಿನ ಘನ) ಸೇರಿಸಿ, ಕಂಪನವನ್ನು ಸುತ್ತುವಂತೆ ಮಾಡುವ ಕ್ವಾರ್ಟರ್ ವೇವ್ ಪ್ಲೇಟ್ ಹಾಕಿದರೆ ಒಂದರ ಕಂಪನ ಬಲಕ್ಕೆ, ಇನ್ನೊಂದರದ್ದು ಎಡಕ್ಕೆ ತಿರುಗುತ್ತದೆ, ನೀಲಿ ಸೊರಗುತ್ತದೆ. ಎರಡೂ ಒಂದೇ ಕಡೆ ತಿರುಗಬೇಕು. ಅದಕ್ಕೆ ಸಾದಾ 50:50 ಕ್ಯೂಬ್ ಸಾಕು. ಅರ್ಧ ಪವರ್ ಹೋಗುತ್ತದೆ, ಹೋಗಲಿ.

ಕೊತ್ರೂಡ್ ಕಾಕಾ
ಮೇಡಂ ಹೇಳಿದ್ದು ಸರಿ. ಆದರೂ ಥರ್ಮೊಕಪಲ್ ನೋಡು.

ನೀಲಿಗಣ್ಣು
ಥ್ಯಾಂಕ್ಸ್ ಮೇಡಂ. ಪುಣೆಯಲ್ಲಿ ಯಾರ ಬಳಿಯಾದರೂ ಆ ಸಾದಾ ಕ್ಯೂಬ್ ಇದೆಯಾ? 780ಕ್ಕೆ ಕೋಟಿಂಗ್ ಇರಬೇಕು.