ಪ್ರಾಗ್ ರಾಕ್: ಯಾವ ಆಲ್ಬಂ ಬರೀ ಬಿಲ್ಡಪ್?

ಹೊಸ ಸೂಜಿ:
ಟರ್ನ್‌ಟೇಬಲ್ ಕೊಂಡೆ. ಕೈಯಲ್ಲಿ 9,000 ರೂಪಾಯಿ ಉಳಿದಿದೆ. ಪ್ರಾಗ್ (ಪ್ರೋಗ್ರೆಸಿವ್ ರಾಕ್, ಉದ್ದುದ್ದ ಹಾಡುಗಳ ರಾಕ್ ಸಂಗೀತ) ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್ ಡಿಸ್ಕ್, ಎರಡೋ ಮೂರೋ ಬರಬಹುದು. ಎಲ್ಲರೂ ಕೈಮುಗಿಯುವ ಆಲ್ಬಂಗಳಲ್ಲಿ ಯಾವುದು ಬರೀ ಬಿಲ್ಡಪ್? ಕೊಂಡು ಅನುಭವ ಇದ್ದವರು ಹೇಳಿ. ಮನೆಯಲ್ಲಿ ಎಂಟು ತಿಂಗಳ ಮಗು ಇದೆ. ಕೇಳುವುದೆಲ್ಲ ರಾತ್ರಿ ಹತ್ತರ ಮೇಲೆ, ಹೆಡ್‌ಫೋನ್‌ನಲ್ಲೇ.

ಕೈ ಸುಟ್ಟವನು:
ಯೆಸ್ ಬ್ಯಾಂಡಿನ 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್' ಕಡೆ ತಲೆ ಹಾಕಿಯೂ ಮಲಗಬೇಡಿ. 1973ರದು. ಎರಡು ಡಿಸ್ಕ್, ನಾಲ್ಕು ಬದಿ, ನಾಲ್ಕೇ ಹಾಡು. ಹಳೇ ಇಂಗ್ಲೆಂಡ್ ಪ್ರತಿಯೇ ಬೇಕು ಅಂತ ಹಟ ಮಾಡಿದೆ. ಡಿಸ್ಕಿಗೆ 3,400, ಸಾಗಾಟಕ್ಕೆ 2,150, ಸುಂಕ 1,870. ಕೂಡಿ ನೋಡಿ, 7,420. ಬಂದಾಗ ಕವರಿನ ಮೂಲೆ ನಾಯಿ ಕಚ್ಚಿದ ಹಾಗಿತ್ತು. ಮೂರನೇ ಬದಿಯಲ್ಲಿ ಉದ್ದಕ್ಕೆ ಗೀರು. ಆ ಬದಿಯಲ್ಲಿ ಗೀರಿನ ಟಕಟಕ ಯಾವುದು, ಡ್ರಮ್ಮಿನ ಟಕಟಕ ಯಾವುದು ಅಂತ ಗೊತ್ತಾಗಲು ಮೂರು ಸಲ ಕೇಳಬೇಕಾಯಿತು. ಯೋಗಾನಂದರ ಆತ್ಮಕಥೆಯ ಒಂದು ಅಡಿಟಿಪ್ಪಣಿ ಓದಿ ಗಾಯಕ ಜಾನ್ ಆಂಡರ್ಸನ್ ಎಂಬತ್ತು ನಿಮಿಷ ಎಳೆದಿದ್ದಾರೆ. ನಮ್ಮೂರ ಹರಿಕಥೆ ದಾಸರೇ ವಾಸಿ, ನಡುವೆ ಒಂದು ಉಪಕಥೆಯಾದರೂ ಹೇಳಿ ನಗಿಸುತ್ತಿದ್ದರು. ಕೀಬೋರ್ಡ್ ನುಡಿಸುವ ರಿಕ್ ವೇಕ್ಮನ್‌ಗೇ ಬೇಜಾರಾಗಿ ಮ್ಯಾಂಚೆಸ್ಟರ್‌ನಲ್ಲಿ ವೇದಿಕೆ ಮೇಲೇ ಕರಿ ತಿಂದರು. 1974ರಲ್ಲಿ ಬ್ಯಾಂಡೇ ಬಿಟ್ಟರು.

ನಾಲ್ಕನೇ ಬದಿ:
ಗೀರು ಬಿದ್ದದ್ದು ಡಿಸ್ಕಿಗೆ ಸ್ವಾಮಿ, ಸಂಗೀತಕ್ಕಲ್ಲ. ನನಗೂ ಮೊದಲ ಹತ್ತು ಸಲ ಏನೂ ತಲೆಗೆ ಹೋಗಲಿಲ್ಲ. ಹನ್ನೊಂದನೇ ಸಲ, ನಾಲ್ಕನೇ ಬದಿಯಲ್ಲಿ ಡ್ರಮ್ಸ್ ಗದ್ದಲ ಅಡಗಿ ಆಂಡರ್ಸನ್ ದನಿ ಮೆಲ್ಲಗೆ ಏಳುವ ಜಾಗದಲ್ಲಿ ಕಣ್ಣು ತುಂಬಿ ಬಂತು. ದುಡ್ಡು ದಂಡ ಅಂದರೆ ಇಎಲ್‌ಪಿ (ಎಮರ್ಸನ್, ಲೇಕ್ ಅಂಡ್ ಪಾಮರ್) ಬ್ಯಾಂಡಿನ 'ವರ್ಕ್ಸ್', 1977. ಮೂವರಿಗೂ ತಲಾ ಒಂದು ಬದಿ, ಒಟ್ಟಿಗೆ ನುಡಿಸಿದ್ದು ಒಂದೇ ಬದಿ. ಅದು ಆಲ್ಬಂ ಅಲ್ಲ, ಅಣ್ಣತಮ್ಮಂದಿರ ಪಾಲುಪಟ್ಟಿ. ಆರ್ಕೆಸ್ಟ್ರಾ ಕಟ್ಟಿಕೊಂಡು ಊರೂರು ಸುತ್ತಲು ಹೊರಟು, ಖರ್ಚು ತಾಳದೆ ನಡುವೆ ಕೈಬಿಟ್ಟರು.

ದಾವಣಗೆರೆ ಬಸ್ಸು:
ಸುಮ್ನೆ ಪಿಂಕ್ ಫ್ಲಾಯ್ಡ್ ತಗೊಳ್ಳಿ, ಮುಗೀತು. 2002ರಲ್ಲಿ ಆ ಬ್ಯಾಂಡಿನಲ್ಲಿದ್ದ ರೋಜರ್ ವಾಟರ್ಸ್ ಬೆಂಗಳೂರಿನ ಪ್ಯಾಲೇಸ್ ಗ್ರೌಂಡ್ಸ್‌ಗೆ ಬಂದಾಗ ನಾನಿದ್ದೆ. ಹಿಂದಿನ ರಾತ್ರಿ ಬಸ್ಸು ಹತ್ತಿದೆ. ನೂಕುನುಗ್ಗಲಲ್ಲಿ ಎಡಗಾಲಿನ ಚಪ್ಪಲಿ ಕಿತ್ತುಹೋಯಿತು. ವಾಪಸ್ ಬರುವಾಗ ಬರಿಗಾಲು. ಇವತ್ತಿಗೂ ಬೇಜಾರಿಲ್ಲ.

ಇಟ್ಟಿಗೆ:
'ನಾನಿದ್ದೆ' ಅನ್ನುವವರನ್ನೆಲ್ಲ ಲೆಕ್ಕ ಹಾಕಿದರೆ ಆವತ್ತು ಜಕ್ಕೂರು ಏರೋಡ್ರೋಮೂ ಸಾಲುತ್ತಿರಲಿಲ್ಲ. ಪಿಂಕ್ ಫ್ಲಾಯ್ಡ್‌ನ 'ದ ವಾಲ್' ಅಷ್ಟೊಂದು ಹೊಗಳುತ್ತಾರಲ್ಲ, ನಾಲ್ಕು ಬದಿಯಲ್ಲಿ ಒಂದೂವರೆ ಬದಿ ಹಾಡು, ಉಳಿದದ್ದು ಗೋಳು. ನನ್ನ ಮಟ್ಟಿಗೆ ಜೆತ್ರೋ ಟಲ್ ಬ್ಯಾಂಡಿನ 'ಥಿಕ್ ಆ್ಯಸ್ ಎ ಬ್ರಿಕ್' ಒಂದೇ. 1972. ಇಡೀ ಆಲ್ಬಂ ಒಂದೇ ಹಾಡು. ಕವರೇ ಒಂದು ಪತ್ರಿಕೆ, ಹನ್ನೆರಡು ಪುಟ. ನಾನು 2,600 ಕೊಟ್ಟು ತಂದದ್ದರಲ್ಲಿ ಒಳಪುಟಗಳೇ ಇರಲಿಲ್ಲ! ಮಾರಿದವನನ್ನು ಕೇಳಿದರೆ 'ಹಾಡು ಇದೆಯಲ್ಲ ಸಾರ್' ಅಂದ. ಆಮೇಲೆ ಪುಟ ಇರುವ ಇನ್ನೊಂದು ಪ್ರತಿಗೆ 3,900. ಒಂದೇ ಹಾಡಿಗೆ 6,500 ಕೊಟ್ಟ ಹಾಗಾಯಿತು.

ಕೈ ಸುಟ್ಟವನು:
ಜೆತ್ರೋ ಟಲ್‌ನ ಗಾಯಕ ಇಯಾನ್ ಆಂಡರ್ಸನ್ ಅದನ್ನು ಮಾಡಿದ್ದೇ ಗೇಲಿಗೆ. ಅವರ ಹಿಂದಿನ ಆಲ್ಬಂ 'ಆಕ್ವಾಲಂಗ್' ಬಂದಾಗ ವಿಮರ್ಶಕರು ಕಾನ್ಸೆಪ್ಟ್ ಆಲ್ಬಂ (ಎಲ್ಲ ಹಾಡಿಗೂ ಒಂದೇ ವಿಷಯದ ಎಳೆ ಇರುವಂಥದ್ದು) ಅಂದರು, ಇವರು ಅಲ್ಲ ಅಂದರು. ಹಾಗಾದರೆ ತಗೊಳ್ಳಿ, ಇದು ನಿಜವಾದ ಕಾನ್ಸೆಪ್ಟು ಅಂತ ಅಣಕ ಮಾಡಿದರು. ನೀವು ಅಣಕಕ್ಕೆ ಎರಡು ಸಲ ದುಡ್ಡು ಕೊಟ್ಟಿದ್ದೀರಿ.

ಇಟ್ಟಿಗೆ:
ಅಣಕವಾದರೇನು, ನುಡಿಸಿದ್ದು ಸುಳ್ಳಾ? ನಿಮ್ಮ ಅಡಿಟಿಪ್ಪಣಿಯವರು ಸೀರಿಯಸ್ಸಾಗಿ ಮಾಡಿ ಮಲಗಿಸಿದರು.

ದಾವಣಗೆರೆ ಬಸ್ಸು:
ಟಿಕೆಟ್ ಚೂರು ಇನ್ನೂ ಇಟ್ಟುಕೊಂಡಿದ್ದೇನೆ. ಜಕ್ಕೂರಿನವರಿಗೆ ತೋರಿಸಲೇ?

ಹೊಸ ಸೂಜಿ:
ಕಿಂಗ್ ಕ್ರಿಮ್ಸನ್‌ನ ಮೊದಲ ಆಲ್ಬಂ ಹೇಗೆ? ಹೆಡ್‌ಫೋನ್‌ಗೆ ಅಂತ ಕೇಳಿದ್ದೆ.

ನಾಲ್ಕನೇ ಬದಿ:
1969ರದಾ? 'ಮೂನ್‌ಚೈಲ್ಡ್' ಹನ್ನೆರಡು ನಿಮಿಷ, ಅದರಲ್ಲಿ ಹಾಡು ಎರಡೂವರೆ. ಉಳಿದದ್ದು ಪಾತ್ರೆ ತೊಳೆಯುವ ಸದ್ದು. ಅದನ್ನು ಯಾರೂ ಬಿಲ್ಡಪ್ ಅನ್ನುವುದಿಲ್ಲ, 'ಟೇಲ್ಸ್' ಮಾತ್ರ ಕಣ್ಣಿಗೆ ಬೀಳುತ್ತದೆ.

ಕೈ ಸುಟ್ಟವನು:
ಅಷ್ಟು ಪ್ರೀತಿ ಇದ್ದರೆ, ನಿಮ್ಮ ಹತ್ತಿರ 'ಟೇಲ್ಸ್' ಎಲ್‌ಪಿ ಇದೆಯಾ?

ನಾಲ್ಕನೇ ಬದಿ:
ಕ್ಯಾಸೆಟ್ ಇತ್ತು. ಈಗ ಫೋನ್‌ನಲ್ಲಿ ಕೇಳುತ್ತೇನೆ.

ಕೈ ಸುಟ್ಟವನು:
ನನ್ನದು 4,000ಕ್ಕೆ ಕೊಡುತ್ತೇನೆ. ಗೀರು ಸಮೇತ.

ನಾಲ್ಕನೇ ಬದಿ:
3,200. ಕೊರಿಯರ್ ನಿಮ್ಮದು.