ಆಪ್‌ನಿಂದ ಎಸ್ಎಂಎಸ್ ಕಳಿಸಿದ್ರೆ ಮೊದಲ ಮೂವತ್ತು ಹೋಗುತ್ತೆ, ಆಮೇಲೆ ನಿಂತೋಗುತ್ತೆ, ಯಾಕೆ?

ಕೆರೆದಂಡೆ:
ನಮಸ್ಕಾರ ಎಲ್ರಿಗೂ. ನಮ್ಮೂರ ಹಾಲಿನ ಡೇರಿಗೆ ಒಂದು ಆಂಡ್ರಾಯ್ಡ್ ಆಪ್ ಮಾಡ್ತಿದೀನಿ, ಕೋಟ್ಲಿನ್‌ನಲ್ಲಿ. ಬೆಳಗ್ಗೆ ಸಂಜೆ ಹಾಲು ಹಾಕಿದ ಸದಸ್ಯರಿಗೆ ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್ಎನ್ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ಎಷ್ಟು ದುಡ್ಡಾಯ್ತು ಅಂತ ಒಂದು ಮೆಸೇಜ್ ಹೋಗ್ಬೇಕು, ಅದೂ ಕನ್ನಡದಲ್ಲೇ. ಸದಸ್ಯರು ಸುಮಾರು 120 ಜನ, ಅರ್ಧಕ್ಕರ್ಧ ಜನರ ಹತ್ರ ಇನ್ನೂ ಕೀಪ್ಯಾಡ್ ಫೋನೇ ಇರೋದು, ಹಂಗಾಗಿ ವಾಟ್ಸಾಪ್ ಮಾತು ಬೇಡ.

ಡೇರೀಲಿರೋ ಫೋನಿನ ಸಿಮ್‌ನಿಂದಾನೇ ಕಳಿಸೋಣ ಅಂತ ಆಂಡ್ರಾಯ್ಡ್‌ನ ಎಸ್ಎಂಎಸ್ ಮ್ಯಾನೇಜರ್‌ನ ಸೆಂಡ್ ಟೆಕ್ಸ್ಟ್ ಮೆಸೇಜ್ ಫಂಕ್ಷನ್‌ನ ಲೂಪ್ ಒಳಗೆ ಹಾಕಿದೀನಿ, ಕೊನೇ ಎರಡು ಆರ್ಗ್ಯುಮೆಂಟ್‌ಗೆ ನಲ್ (ಅಂದ್ರೆ ಖಾಲಿ) ಕೊಟ್ಟಿದೀನಿ. ಎಲ್ಲಾ 120ಕ್ಕೂ "ಕಳಿಸಲಾಗಿದೆ" ಅಂತ ಟೋಸ್ಟ್ (ಸ್ಕ್ರೀನಲ್ಲಿ ಬಂದು ಹೋಗೋ ಚಿಕ್ಕ ಸೂಚನೆ) ಬರುತ್ತೆ ಆದ್ರೆ ನಿಜವಾಗಿ ತಲುಪೋದು ಮೊದಲಿನ ಮೂವತ್ತು ಚಿಲ್ಲರೆ ಜನಕ್ಕೆ ಮಾತ್ರ. ಅದ್ರಲ್ಲೂ ಹೆಸರು ಉದ್ದ ಇರೋ ಕೆಲವರಿಗೆ ಒಂದು ದಿನಾನೂ ಬಂದಿಲ್ಲ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಇನ್ನೊಂದು ಪ್ರಶ್ನೆ, ಇದನ್ನ ಪ್ಲೇ ಸ್ಟೋರ್‌ಗೆ ಹಾಕಿದ್ರೆ ಪಕ್ಕದೂರಿನ ಡೇರಿಯವರೂ ಬಳಸ್ಬಹುದು ಅಂತಿದೀನಿ, ಬಿಡ್ತಾರಾ?

ರೇಡಿಯೋ ಲೇಯರ್:
ನಿಮ್ಮ ಟೋಸ್ಟ್ ಹೇಳ್ತಿರೋದು "ಫಂಕ್ಷನ್ ಕರೆದೆ" ಅಂತ ಅಷ್ಟೇ, "ಮೆಸೇಜ್ ಹೋಯ್ತು" ಅಂತಲ್ಲ. ಹೋಯ್ತೋ ಇಲ್ವೋ ಅನ್ನೋದು ನೀವು ನಲ್ ಕೊಟ್ಟಿರೋ ಆ ಸೆಂಟ್ ಇಂಟೆಂಟ್‌ನಲ್ಲೇ ವಾಪಸ್ ಬರೋದು, ಅದನ್ನ ಕೊಡ್ದೇ ಇದ್ರೆ ಎರರ್ ಬಂದ್ರೂ ನಿಮ್ಗೆ ಗೊತ್ತಾಗೋ ದಾರಿನೇ ಇಲ್ಲ.

ಮೂವತ್ತರ ಕಥೆ ಹೀಗೆ. ಒಂದು ಆಪ್ ಸ್ವಲ್ಪ ಹೊತ್ತಲ್ಲೇ 30ಕ್ಕಿಂತ ಜಾಸ್ತಿ ಎಸ್ಎಂಎಸ್ ಕಳಿಸೋಕೆ ಹೋದ್ರೆ ಆಂಡ್ರಾಯ್ಡೇ ತಡೆದು ಈ ಆಪ್ ತುಂಬಾ ಮೆಸೇಜ್ ಕಳಿಸ್ತಿದೆ, ಬಿಡ್ಲಾ ಬೇಡ್ವಾ ಅಂತ ಸ್ಕ್ರೀನ್ ಮೇಲೆ ಕೇಳುತ್ತೆ. ಡೇರೀಲಿ ಕ್ಯಾನ್ ಎತ್ತಿಡೋ ಗಡಿಬಿಡೀಲಿ ಅದನ್ನ ನೋಡೋರ್ಯಾರು? ಉತ್ತರ ಸಿಗೋವರೆಗೆ ಐದು ಮೆಸೇಜ್ ಕ್ಯೂನಲ್ಲಿ ಕಾಯುತ್ತೆ, ಆರನೇದ್ರಿಂದ ಎಲ್ಲಾ ಕೋಡ್ 5 ಅಂದ್ರೆ ಲಿಮಿಟ್ ಎಕ್ಸೀಡೆಡ್ ಅಂತ ಬಿದ್ದೋಗುತ್ತೆ. ಫೋನನ್ನ ಕಂಪ್ಯೂಟರ್‌ಗೆ ಜೋಡಿಸಿ ಎಡಿಬಿ ಅನ್ನೋ ಟೂಲ್‌ನಿಂದ ಈ ಮಿತಿ ಏರಿಸ್ಬಹುದು, ಯಾರಾದ್ರೂ ಹೇಳ್ಕೊಡ್ತಾರೆ, ಆದ್ರೆ ಅದ್ರಿಂದ ನಿಮ್ಗೆ ಉಪಯೋಗ ಇಲ್ಲ, ಯಾಕಂದ್ರೆ 120 ಜನಕ್ಕೆ ದಿನಕ್ಕೆರಡು ಅಂದ್ರೆ 240 ಮೆಸೇಜು, ಸಾಮಾನ್ಯ ರೀಚಾರ್ಜ್ ಪ್ಲಾನ್‌ಗಳಲ್ಲಿ ದಿನಕ್ಕೆ ಸಿಗೋದೇ 100. ಲೂಪ್ ಬಿಟ್ಟು ಹಾಲು ಅಳೆದಾಗ ಅಳೆದಾಗ ಒಂದೊಂದೇ ಕಳಿಸ್ತೀನಿ ಅಂದ್ರೂ ಈ 100ರ ಮಿತೀಲೇ ಸಿಕ್ಕಾಕೊಳ್ತೀರ.

ಉದ್ದ ಹೆಸರಿನವರ ವಿಷಯ ಬೇರೆ. ಇಂಗ್ಲಿಷ್ ಆದ್ರೆ ಒಂದು ಎಸ್ಎಂಎಸ್‌ಗೆ 160 ಅಕ್ಷರ, ಕನ್ನಡ ಬಂದ ತಕ್ಷಣ ಇಡೀ ಮೆಸೇಜ್ ಯೂನಿಕೋಡ್ ಆಗಿ 70ಕ್ಕೆ ಇಳಿಯುತ್ತೆ, ಒಂದೇ ಒಂದು ಕನ್ನಡ ಅಕ್ಷರ ಇದ್ರೂ ಸಾಕು. ಈ 70 ನಾವು ಕಣ್ಣಲ್ಲಿ ಎಣಿಸೋ ಅಕ್ಷರ ಅಲ್ಲ, ಕೊಂಬು, ದೀರ್ಘ, ಒತ್ತು ಎಲ್ಲಾ ಬೇರೆ ಬೇರೆ ಲೆಕ್ಕ. "ಫ್ಯಾಟ್" ನೋಡೋಕೆ ಎರಡಕ್ಷರ, ಲೆಕ್ಕದಲ್ಲಿ ಆರು. "ಬೆಳಗ್ಗೆ" ಏಳು. ಜಾಸ್ತಿ ಆದಾಗ ಸೆಂಡ್ ಟೆಕ್ಸ್ಟ್ ಮೆಸೇಜ್ ತಾನಾಗೇ ತುಂಡು ಮಾಡಲ್ಲ, ಡಿವೈಡ್ ಮೆಸೇಜ್‌ನಿಂದ ತುಂಡು ಮಾಡಿ ಸೆಂಡ್ ಮಲ್ಟಿಪಾರ್ಟ್‌ಗೆ ಕೊಡ್ಬೇಕು, ಆಗ ಒಂದೊಂದು ತುಂಡಿಗೆ 67 ಮಾತ್ರ, ಯಾಕಂದ್ರೆ ಜೋಡಿಸೋ ಮಾಹಿತಿಗೆ ಸ್ವಲ್ಪ ಜಾಗ ಹೋಗುತ್ತೆ. ದುಡ್ಡೂ ತುಂಡಿನ ಲೆಕ್ಕದಲ್ಲೇ ಹೋಗೋದು. ನನ್ನ ಕೇಳಿದ್ರೆ ಹೆಸರೇ ಬೇಡ, ಸದಸ್ಯರ ನಂಬರ್ ಹಾಕಿ:

ಸ.47 ಬೆಳಗ್ಗೆ 5.2ಲೀ ಫ್ಯಾಟ್ 4.1 ಎಸ್ಎನ್ಎಫ್ 8.5 ರೂ 182

ಇದು ಸರಿಯಾಗಿ 50. ತಾರೀಖು ಸೇರಿಸೋಕೂ ಜಾಗ ಇದೆ.

ಸೆಂಟ್ ಇಂಟೆಂಟ್ ಹಾಕುವಾಗ ಮೂರು ಕಡೆ ಗಮನ ಇರ್ಲಿ. ಅದಕ್ಕೆ ಕೊಡೋ ಪೆಂಡಿಂಗ್ ಇಂಟೆಂಟ್‌ಗೆ (ಫಲಿತಾಂಶ ಬಂದಾಗ ಸಿಸ್ಟಮ್ ನಿಮ್ಮ ಆಪನ್ನ ಕರೆಯೋಕೆ ಇಟ್ಟ ಚೀಟಿ ಇದ್ದಂಗೆ) ಎಲ್ಲಾ ಸದಸ್ಯರಿಗೂ ರಿಕ್ವೆಸ್ಟ್ ಕೋಡ್ 0 ಅಂತ ಕೊಟ್ರೆ ಎಲ್ಲಾ ಒಂದೇ ಆಗಿಬಿಡುತ್ತೆ, ಎಕ್ಸ್‌ಟ್ರಾದಲ್ಲಿ ಬೇರೆ ಹೆಸರಿದ್ರೂ ಸಿಸ್ಟಮ್ ಅದನ್ನ ಹೋಲಿಸಲ್ಲ, ಯಾರ್ದು ಬಿತ್ತು ಅಂತ ತಿಳಿಯಲ್ಲ. ಸದಸ್ಯರ ನಂಬರನ್ನೇ ರಿಕ್ವೆಸ್ಟ್ ಕೋಡ್ ಮಾಡಿ. ಆಮೇಲೆ ರಿಸಲ್ಟ್ -1 ಬಂದ್ರೆ ಹೆದರ್ಬೇಡಿ, ಆಂಡ್ರಾಯ್ಡ್‌ನಲ್ಲಿ -1 ಅಂದ್ರೇನೇ ಓಕೆ. ಆಪ್ ಆಂಡ್ರಾಯ್ಡ್ 12 ಅಥವಾ ಅದರ ಮೇಲಿನದಕ್ಕೆ ಟಾರ್ಗೆಟ್ ಆಗಿದ್ರೆ ಇಮ್ಯೂಟಬಲ್ ಅಥವಾ ಮ್ಯೂಟಬಲ್, ಎರಡರಲ್ಲಿ ಒಂದು ಫ್ಲ್ಯಾಗ್ ಕಡ್ಡಾಯ, ನಿಮ್ಗೆ ಇಮ್ಯೂಟಬಲ್ ಸಾಕು, ಅದಿಲ್ದೇ ಇದ್ರೆ ಆಪ್ ಅಲ್ಲೇ ಬಿದ್ದೋಗುತ್ತೆ.

ಪ್ಲೇ ಸ್ಟೋರ್ ಆಸೆ ಬಿಡಿ. 2018ರ ಅಕ್ಟೋಬರ್‌ನಲ್ಲಿ ಗೂಗಲ್ ನಿಯಮ ಬದಲಿಸ್ತು, 2019ರಿಂದ ಜಾರಿ, ಫೋನಿನ ಡೀಫಾಲ್ಟ್ ಮೆಸೇಜ್ ಆಪ್ ಮತ್ತೆ ಕೆಲವೇ ವಿನಾಯಿತಿ ಬಿಟ್ರೆ ಬೇರೆಯವ್ರಿಗೆ ಎಸ್ಎಂಎಸ್ ಪರ್ಮಿಷನ್ ಸಿಗಲ್ಲ. ಐಫೋನ್‌ನಲ್ಲಂತೂ ಮೆಸೇಜ್ ಬರೆದಿಟ್ಟ ಸ್ಕ್ರೀನ್ ತೆಗೆದುಕೊಡ್ಬಹುದು ಅಷ್ಟೇ, ಸೆಂಡ್ ಒತ್ತೋದು ಮನುಷ್ಯನೇ.

ಸರ್ವರ್ ಕಡೆಯವ:
ಮೇಲಿನವ್ರು ಫೋನಿನ ಒಳಗಿಂದು ಹೇಳಿದಾರೆ, ನಾನು ಕಾನೂನಿನ ಕಡೆದು ಹೇಳ್ತೀನಿ, ಯಾಕಂದ್ರೆ ಇದನ್ನ ಬಿಟ್ಟು ಕೋಡ್ ಸರಿ ಮಾಡಿದ್ರೆ ಡೇರಿಯ ನಂಬರೇ ಹೋದೀತು. ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2018ರ ನಿಯಮದ ಪ್ರಕಾರ ಸಂಸ್ಥೆಯೊಂದು ತನ್ನ ಗ್ರಾಹಕರಿಗೆ ಸದಸ್ಯರಿಗೆ ಸಾಲಾಗಿ ಕಳಿಸೋ ಮೆಸೇಜು ನೋಂದಾಯಿತ ಹೆಡರ್‌ನಿಂದ (ನಂಬರ್ ಬದಲು ಕಾಣೋ ಕಳಿಸೋರ ಹೆಸರು) ಹೋಗ್ಬೇಕು, ಹತ್ತಂಕಿಯ ಮೊಬೈಲ್ ನಂಬರ್‌ನಿಂದ ಅಲ್ಲ. ಯಾರಾದ್ರೂ ಕೆಲವರು ಸ್ಪ್ಯಾಮ್ ಅಂತ ದೂರು ಕೊಟ್ರೆ ಸಿಮ್ ಮೇಲೆ ಕ್ರಮ ಆಗುತ್ತೆ, 2025ರ ತಿದ್ದುಪಡೀಲಿ ಅದಕ್ಕಿದ್ದ ಮಿತೀನ 10 ದಿನದಲ್ಲಿ 5 ದೂರಿಗೆ ಇಳಿಸಿದಾರೆ. ಊರಲ್ಲಿ ಜಗಳ ಇಲ್ದೇ ಇರೋ ಡೇರಿ ಎಲ್ಲಿದೆ ಹೇಳಿ.

ಸರಿಯಾದ ದಾರಿ ಡಿಎಲ್‌ಟಿ, ಅಂದ್ರೆ ಮೆಸೇಜ್ ಕಳಿಸೋ ಸಂಸ್ಥೆ, ಹೆಡರ್, ಟೆಂಪ್ಲೇಟ್ ಎಲ್ಲಾ ನೋಂದಾಯಿಸೋ ವ್ಯವಸ್ಥೆ. ಯಾವುದಾದ್ರೂ ಒಂದು ಟೆಲಿಕಾಂ ಕಂಪನಿಯ ಡಿಎಲ್‌ಟಿ ಪೋರ್ಟಲ್‌ನಲ್ಲಿ ಸಂಘದ ಹೆಸರಲ್ಲೇ ನೋಂದಣಿ ಮಾಡ್ಸಿ, ನಿಮ್ಮ ಹೆಸರಲ್ಲಿ ಬೇಡ. ಸಂಘದ ನೋಂದಣಿ ಪತ್ರ, ಪ್ಯಾನ್, ಅಧಿಕಾರ ಕೊಟ್ಟ ಪತ್ರ ಕೇಳ್ತಾರೆ, ಸೆಕ್ರೆಟರಿ ಹತ್ರ ಇದ್ದೇ ಇರುತ್ತೆ. ಆಮೇಲೆ ಆರಕ್ಷರದ ಹೆಡರ್, ಆಮೇಲೆ ಟೆಂಪ್ಲೇಟು, ಅಂದ್ರೆ ಮೆಸೇಜಿನ ಅಚ್ಚು. ಟೆಂಪ್ಲೇಟಲ್ಲಿ ಲೀಟರು ಫ್ಯಾಟು ದುಡ್ಡು ಇರೋ ಜಾಗದಲ್ಲಿ ವೇರಿಯಬಲ್ ಇಟ್ಟು ಉಳಿದಿದ್ದು ಹೆಂಗಿದೆಯೋ ಹಂಗೇ ಕಳಿಸ್ಬೇಕು, ಕನ್ನಡ ಆಗಿರೋದ್ರಿಂದ ಯೂನಿಕೋಡ್ ಅಂತ ಆರಿಸೋದು ಮರೀಬೇಡಿ. ಒಂದು ಸ್ಪೇಸ್ ಜಾಸ್ತಿ ಆದ್ರೂ ತಡೀತಾರೆ. 2021ರ ಮಾರ್ಚ್‌ನಲ್ಲಿ ಈ ಟೆಂಪ್ಲೇಟ್ ತಪಾಸಣೆ ಶುರು ಮಾಡಿದ ದಿನ ದೇಶದಲ್ಲೆಲ್ಲಾ ಒಟಿಪಿಗಳೇ ನಿಂತೋಗಿ ಟ್ರಾಯ್ ಒಂದು ವಾರ ಅದನ್ನ ಸ್ಥಗಿತ ಮಾಡ್ಬೇಕಾಯ್ತು, ನೆನಪಿರ್ಬಹುದು. ಕನ್ನಡದಲ್ಲಿ ಇನ್ನೊಂದು ಅಪಾಯ, ಕೀಬೋರ್ಡ್ ಕಣ್ಣಿಗೆ ಕಾಣದ ಜೋಡಕ ಅಕ್ಷರ ಸೇರಿಸಿರುತ್ತೆ, ನೋಡೋಕೆ ಎರಡೂ ಒಂದೇ ಥರ, ಯಂತ್ರಕ್ಕೆ ಬೇರೆ. ಹಂಗಾಗಿ ಪೋರ್ಟಲ್‌ನಲ್ಲಿ ಪಾಸಾದ ಟೆಂಪ್ಲೇಟನ್ನೇ ಕಾಪಿ ಮಾಡಿ ಕೋಡಿಗೆ ಹಾಕಿ, ಮತ್ತೆ ಟೈಪ್ ಮಾಡ್ಬೇಡಿ.

ಮೆಸೇಜ್ ಕಳಿಸಿಕೊಡೋ ಗೇಟ್‌ವೇ ಕಂಪನಿ ಕೊಡೋ ಕೀ (ಪಾಸ್‌ವರ್ಡ್ ಇದ್ದಂಗೆ) ಮಾತ್ರ ಯಾವ ಕಾರಣಕ್ಕೂ ಆಪ್ ಒಳಗೆ ಇಡ್ಬೇಡಿ. ಎಪಿಕೆ (ಆಪ್‌ನ ಫೈಲು) ಬಿಚ್ಚಿ ಕೀ ತೆಗೆಯೋದು ಕಷ್ಟದ ಕೆಲಸ ಅಲ್ಲ, ಸಂಘದ ದುಡ್ಡಲ್ಲಿ ಇನ್ಯಾರೋ ಮೆಸೇಜ್ ಕಳಿಸ್ತಾರೆ. ಆಪ್ ನಿಮ್ಮ ಸಣ್ಣ ಸರ್ವರ್‌ಗೆ ಹೇಳ್ಲಿ, ಸರ್ವರ್ ಗೇಟ್‌ವೇಗೆ ಹೇಳ್ಲಿ. ಹಿಂಗೆ ಮಾಡಿದ್ರೆ ಆಪ್‌ಗೆ ಎಸ್ಎಂಎಸ್ ಪರ್ಮಿಷನ್ನೇ ಬೇಡ, ಪ್ಲೇ ಸ್ಟೋರ್ ಬಾಗಿಲೂ ತೆರೀತು.

ಹಟ್ಟಿಮನೆ:
ನಾನು ಕೋಡಿಂಗ್‌ನವಳಲ್ಲ, ಆದ್ರೆ ನಮ್ಮನೇಲೂ ಡೇರಿಗೆ ಹಾಲು ಹಾಕ್ತೀವಿ. ಒಂದೇ ಮಾತು, ಫ್ಯಾಟು ಮತ್ತೆ ರೇಟು ಎರಡೂ ಮೆಸೇಜಲ್ಲಿ ಇರ್ಲಿ, ಬರೀ ಒಟ್ಟು ದುಡ್ಡು ಬೇಡ. ಬಟವಾಡೆ ದಿನ ಲೆಕ್ಕ ಕಮ್ಮಿ ಬಂತು ಅಂದಾಗ ಅಮ್ಮ ಹಿಡ್ಕೊಂಡು ಹೋಗಿ ತೋರ್ಸೋಕೆ ಅದೇ ಇರೋದು. ಬೆಳಗ್ಗೆನೋ ಸಂಜೆನೋ ಅನ್ನೋದೂ ಬೇಕೇ ಬೇಕು, ನೆಟ್‌ವರ್ಕ್ ಇಲ್ದೇ ಬೆಳಗ್ಗೆದು ಮಧ್ಯಾಹ್ನ ಬರೋದುಂಟು. ಮತ್ತೆ ಹಳೇ ಕೀಪ್ಯಾಡ್ ಫೋನ್ ಕೆಲವ್ರಲ್ಲಿ ಕನ್ನಡ ಬರೀ ಚೌಕ ಚೌಕ ಕಾಣುತ್ತೆ, ಅಂಥವ್ರನ್ನ ಮೊದ್ಲೇ ಕೇಳಿ ಇಂಗ್ಲಿಷ್ ಮೆಸೇಜ್ ಕೊಡಿ. ಅಂಕಿ ಹೆಂಗಿದ್ರೂ ಎಲ್ರಿಗೂ ಓದೋಕೆ ಬರುತ್ತೆ.

ಕೆರೆದಂಡೆ:
ರೇಟಿನ ವಿಷಯ ನಂಗೆ ಹೊಳ್ದೇ ಇರ್ಲಿಲ್ಲ, ಸೇರಿಸ್ತೀನಿ. ಕೋಡ್ 5 ಈಗ ಲಾಗಲ್ಲಿ ಕಣ್ಣಾರೆ ಕಾಣ್ತಿದೆ, ಸರಿಯಾಗಿ ಹೇಳಿದ್ರಿ. ಸೆಕ್ರೆಟರಿ ಜೊತೆ ಮಾತಾಡಿದೆ, ಡಿಎಲ್‌ಟಿಗೆ ಸಂಘದ ಮೀಟಿಂಗಲ್ಲಿ ಒಪ್ಪಿಗೆ ತಗೋಬೇಕಂತೆ. ಎರಡು ಪ್ರಶ್ನೆ ಉಳೀತು. ಅಲ್ಲೀವರೆಗೆ ಏನ್ ಮಾಡ್ಲಿ? ಮತ್ತೆ ಡೇರೀಲಿ ನೆಟ್ ಬಂದು ಹೋಗಿ ಮಾಡುತ್ತೆ, ಸಿಮ್ ಎಸ್ಎಂಎಸ್‌ಗೆ ನೆಟ್ ಬೇಡ ಆದ್ರೆ ಸರ್ವರ್‌ಗೆ ಬೇಕಲ್ಲ?

ಸರ್ವರ್ ಕಡೆಯವ:
ನೆಟ್‌ದು ತಲೆನೋವಲ್ಲ. ಪ್ರತಿ ಅಳತೇನೂ ಮೊದ್ಲು ಫೋನಲ್ಲೇ ರೂಮ್ ಅನ್ನೋ ಆಂಡ್ರಾಯ್ಡ್ ಡೇಟಾಬೇಸ್‌ಗೆ ಬರೀರಿ, ಹಿನ್ನೆಲೇಲಿ ಕೆಲಸ ಓಡಿಸೋ ವರ್ಕ್ ಮ್ಯಾನೇಜರ್‌ಗೆ ನೆಟ್ ಇದ್ದಾಗ ಮಾತ್ರ ಓಡು ಅಂತ ಕನ್‌ಸ್ಟ್ರೇಂಟ್ ಹಾಕಿ. ಸದಸ್ಯರ ನಂಬರ್, ತಾರೀಖು, ಬೆಳಗ್ಗೆ ಅಥವಾ ಸಂಜೆ, ಈ ಮೂರನ್ನೂ ಸೇರಿಸಿ ಒಂದು ಕೀ ಮಾಡಿ ಸರ್ವರ್‌ಗೆ ಕಳಿಸಿ, ಅದೇ ಕೀ ಎರಡನೇ ಸಲ ಬಂದ್ರೆ ಸರ್ವರ್ ಸುಮ್ನಿರ್ಬೇಕು. ಇಲ್ಲಾಂದ್ರೆ ನೆಟ್ ಅರ್ಧಕ್ಕೆ ಕಟ್ಟಾದಾಗ ಒಬ್ಬರಿಗೇ ಎರಡೆರಡು ಮೆಸೇಜ್ ಹೋಗಿ, ಎರಡು ಸಲ ಹಾಲು ಬರ್ಕೊಂಡಿದಾರೆ ಅಂತ ಮಾತು ಶುರುವಾಗುತ್ತೆ.

ರೇಡಿಯೋ ಲೇಯರ್:
ಅಲ್ಲೀವರೆಗೆ ಲೂಪ್ ತೆಗೆದುಬಿಡಿ. ಯಾರಾದ್ರೂ ಇವತ್ತಿನ ಲೆಕ್ಕ ಮೆಸೇಜ್ ಮಾಡಿ ಅಂತ ಕೇಳಿದ್ರೆ ಅವ್ರ ಹೆಸರಿನ ಮುಂದೆ ಒಂದು ಬಟನ್, ಒತ್ತಿದ್ರೆ ಸೆಂಡ್ ಟು ಇಂಟೆಂಟ್‌ನಿಂದ ಫೋನಿನ ಮೆಸೇಜ್ ಆಪ್ ತೆರೆದು ನಂಬರ್ ಮ್ಯಾಟರ್ ಎರಡೂ ತುಂಬಿರುತ್ತೆ, ಸೆಕ್ರೆಟರಿ ಕಳಿಸು ಅಂತ ಒತ್ತಿದ್ರಾಯ್ತು. ಇದಕ್ಕೆ ಯಾವ ಪರ್ಮಿಷನ್ನೂ ಬೇಡ. ಉಳಿದವ್ರಿಗೆ ಚೀಟಿ ಈಗ ಹೆಂಗೆ ಕೊಡ್ತಿದೀರೋ ಹಂಗೇ ಕೊಡ್ತಿರಿ. ಮೀಟಿಂಗ್‌ಗೆ ಹೋಗುವಾಗ ಪೂರ್ತಿ ಟೆಂಪ್ಲೇಟ್ ಪ್ರಿಂಟ್ ತಗೊಂಡೋಗಿ, ಪಾಸಾದ್ಮೇಲೆ ಒಂದಕ್ಷರ ಬದಲಿಸ್ಬೇಕಂದ್ರೂ ಮತ್ತೆ ಅರ್ಜಿ ಹಾಕ್ಬೇಕು.